‘ಸಿಮೆಂಟ್’: ಪದದ ನಿಷ್ಪತ್ತಿ, ಅರ್ಥ ಮತ್ತು ಬಳಕೆ

ಕಲಬುರಗಿ ಜಿಲ್ಲೆಯ ವಾಡಿ, ಶಹಾಬಾದ, ಸೇಡಂ ಪರಿಸರದಲ್ಲಿ ‘ಸಿಮೆಂಟ್’ ದಿನಬಳಕೆಯ ಪದ. ವಾಡಿಯಲ್ಲಿ ಎ.ಸಿ.ಸಿ. ಸ್ಥಾಪಿಸಿದ ಕಾರ್ಖಾನೆಯು ಊರಿನ ಗುರುತೇ ಆಗಿದೆ. ಇಂಗ್ಲಿಷಿನಿಂದ ಬಂದ ಈ ಪದವನ್ನು ಕನ್ನಡವು ಏಕೆ ಉಳಿಸಿಕೊಂಡಿತು, ಅದರ ಅರ್ಥವ್ಯಾಪ್ತಿಯಲ್ಲಿ ಎಷ್ಟನ್ನು ಸ್ವೀಕರಿಸಿತು ಎಂಬುದು ಪರಿಶೀಲನಾರ್ಹ.

ಪದದ ಮೂಲ ಲ್ಯಾಟಿನ್ನಿನ ‘ಕೇಮೆಂಟುಮ್’. ‘ಕಡಿ’, ‘ಕತ್ತರಿಸು’ ಎಂಬ ಅರ್ಥದ ‘ಕೇಡೆರೆ’ ಧಾತುವಿನಿಂದ ಸಾಧಿತವಾದ ಅದಕ್ಕೆ ಒಡೆದ ಒರಟುಕಲ್ಲು ಎಂಬುದೇ ಮೊದಲ ಅರ್ಥ. ಮುಂದೆ ಕಲ್ಲುಚೂರುಗಳೊಡನೆ ಬೆರೆಸುವ ಗಾರೆಗೆ ಈ ಹೆಸರು ವರ್ಗಾವಣೆಗೊಂಡಿತು. ಹಳೆಯ ಫ್ರೆಂಚಿನ ಮೂಲಕ ಸುಮಾರು 1300ರ ಹೊತ್ತಿಗೆ ಅದು ಇಂಗ್ಲಿಷನ್ನು ಸೇರಿತು. ಹೀಗೆ ಕಡಿದದ್ದನ್ನು ಸೂಚಿಸುತ್ತಿದ್ದ ಪದವು ಕೂಡಿಸುವುದನ್ನು ಸೂಚಿಸತೊಡಗಿತು. 1824ರಲ್ಲಿ ಲೀಡ್ಸ್ ನಗರದ ಜೋಸೆಫ್ ಆಸ್ಪ್ಡಿನ್ ಪೇಟೆಂಟ್ ಪಡೆದ ‘ಪೋರ್ಟ್‌ಲ್ಯಾಂಡ್ ಸಿಮೆಂಟ್’, ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್ ಕಲ್ಲಿನ ಹೋಲಿಕೆಯಿಂದ ಹೆಸರು ಪಡೆಯಿತು.

ಕನ್ನಡದಲ್ಲಿ ‘ಗಾರೆ’, ‘ಗಚ್ಚು’ ಎಂಬ ಪದಗಳು ಮೊದಲೇ ಇದ್ದವು. ಆದರೆ ಸುಣ್ಣದ ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಸುಣ್ಣಕಲ್ಲು ಮತ್ತು ಜೇಡಿಯನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು, ಜಿಪ್ಸಮ್ ಸೇರಿಸಿ ಅರೆದ ಸಿಮೆಂಟಾದರೋ ನೀರಿನೊಡನೆ ವರ್ತಿಸಿ ಗಟ್ಟಿಯಾಗುತ್ತದೆ. ವಸ್ತು ಬೇರೆಯಾದುದರಿಂದ ಹೆಸರೂ ಬೇರೆಯಾಯಿತು. ‘ಗಾರೆ ಕೆಲಸ’ ಎಂಬ ಮಾತು ಮಾತ್ರ ಹಾಗೆಯೇ ಉಳಿಯಿತು.

ಇಂಗ್ಲಿಷಿನಲ್ಲಿ ಇದು ಕ್ರಿಯಾಪದವೂ ಹೌದು; ಸ್ನೇಹ, ಒಪ್ಪಂದಗಳನ್ನು ಭದ್ರಪಡಿಸುವ ಅರ್ಥದಲ್ಲಿಯೂ ಬಳಕೆಯಾಗುತ್ತದೆ. ಕನ್ನಡವು ನಾಮಪದವನ್ನಷ್ಟೇ ಪಡೆದು, ‘ಸಿಮೆಂಟಿಗೆ’, ‘ಸಿಮೆಂಟಿನ’ ಎಂದು ತನ್ನ ವಿಭಕ್ತಿಗಳಿಗೆ ಒಗ್ಗಿಸಿಕೊಂಡಿತು. ಸಂಬಂಧದ ಮಾತಿಗೆ ‘ಬೆಸೆ’ ಧಾತುವೇ ಸಾಕಾಯಿತು. ಕೊರತೆಯಿದ್ದಲ್ಲಿ ಮಾತ್ರ ಎರವಲು ಎಂಬ ವಿವೇಕವನ್ನು ಇಲ್ಲಿ ಗುರುತಿಸಬಹುದು.

ಈ ಪ್ರದೇಶದಲ್ಲಿ ಪದದ ಎರಡು ಅರ್ಥಗಳೂ ಒಂದೇ ನೆಲದಲ್ಲಿ ಸಂಧಿಸುತ್ತವೆ. ಇಲ್ಲಿನ ಸುಣ್ಣಕಲ್ಲಿನ ಪದರಗಳನ್ನು ಸೀಳಿದರೆ ನೆಲಕ್ಕೆ ಹಾಸುವ ಶಹಾಬಾದಿ ಫರಸಿ. ಸುಟ್ಟು ಅರೆದರೆ ಸಿಮೆಂಟ್. ‘ಫರಸಿ’ಯೂ ಅರಬ್ಬಿ-ಪಾರಸಿ ಮೂಲದ ಎರವಲೇ. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ; ಕನ್ನಡ-ಸಂಸ್ಕೃತ ಪದಗಳ ಬೆರಕೆಯ ಉಚಿತಾನುಚಿತಗಳನ್ನು 9ನೆಯ ಶತಮಾನದಲ್ಲಿ ಚರ್ಚಿಸಿದ ‘ಕವಿರಾಜಮಾರ್ಗ’ ಅಲ್ಲಿನ ನೃಪತುಂಗನ ಆಸ್ಥಾನದ ಕೃತಿ. ಎರವಲು ಪದ ಬೇಕೇ ಬೇಡವೇ ಎಂಬುದಕ್ಕಿಂತ, ಅದು ಕನ್ನಡದ ಜಾಯಮಾನಕ್ಕೆ ಹೇಗೆ ಹೊಂದಿಕೊಂಡಿತು ಎಂಬ ಪ್ರಶ್ನೆಯೇ ‘ಸಿಮೆಂಟ್’ ಪದದ ವಿಷಯದಲ್ಲಿಯೂ ಮುಖ್ಯವಾಗುತ್ತದೆ.