ಮಂದಿ ಬದಲಾದ್ರೂ ನಿಲ್ಲದ ಗಿಟಾರ್: ತಂಡ ಉಳಿಯೋದು ಹೆಂಗ?

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಬ್ಯಾಂಡ್ ಅಂದ್ರ ಮದುವೆ ಮೆರವಣಿಗೆ ನೆನಪಾಗುತ್ತದೆ. ರಾಕ್ ಬ್ಯಾಂಡ್ ಬೇರೆ. ಗಿಟಾರ್, ಬೇಸ್ ಗಿಟಾರ್, ಡ್ರಮ್ಸ್ ಹಿಡಿದ ಮೂರು-ನಾಲ್ಕು ಮಂದಿ ಸಾಮಾನ್ಯವಾಗಿ ತಾವೇ ಹಾಡು ಕಟ್ಟಿ ನುಡಿಸುತ್ತಾರೆ. ಆದ್ರ ತೊಂದರೆ ಎಲ್ಲಾ ಕಡೆ ಒಂದೇ. ಹಾರ್ಮೋನಿಯಂ ನುಡಿಸುವವ ದುಡಿಯಲಿಕ್ಕೆ ಪುಣೆಗೋ ಬೆಂಗಳೂರಿಗೋ ಹೋದ್ರ ಊರಿನ ಭಜನಾ ಮಂಡಳಿ ಸುಮ್ಮನಾಗುತ್ತದೆ.

ಇದಕ್ಕೆ ಉತ್ತರವಾಗಿ ಬೆಂಗಳೂರಿನ 'ಥರ್ಮಲ್ ಆ್ಯಂಡ್ ಎ ಕ್ವಾರ್ಟರ್' ತಂಡವನ್ನು ನೋಡಬಹುದು. 1996ರಲ್ಲಿ ಶುರುವಾದ ಈ ತಂಡದ ಗಿಟಾರ್ ವಾದಕ, ಗಾಯಕ ಬ್ರೂಸ್ ಲೀ ಮಣಿ. ಅವರು ಮತ್ತು ಡ್ರಮ್ಸ್‌ನ ರಾಜೀವ್ ರಾಜಗೋಪಾಲ್ ಮೊದಲಿನಿಂದ ಉಳಿದವರು. ಜೊತೆಯ ಗಿಟಾರ್ ವಾದಕ ಸುನಿಲ್ ಚಾಂಡಿ ಹೊರನಡೆದರು. ಬೇಸ್ ಗಿಟಾರ್ ರೂಡ್ ಡೇವಿಡ್ ಕೈಯಿಂದ ಪ್ರಕಾಶ್ ಕೆ.ಎನ್. ಅವರಿಗೆ, ಆಮೇಲೆ ಲೆಸ್ಲಿ ಚಾರ್ಲ್ಸ್ ಅವರಿಗೆ ಬಂತು. ಮುಂದೆ ಟೋನಿ ದಾಸ್ ಇನ್ನೊಂದು ಗಿಟಾರ್ ಹಿಡಿದು ಸೇರಿದರು.

ಮಂದಿ ಬದಲಾದಾಗ ಗಿಟಾರ್ ವಾದಕನ ಕೆಲಸವೂ ಬದಲಾಗುತ್ತದೆ. ಇಬ್ಬರಿದ್ದರೆ ಒಬ್ಬ ಹಾಡಿಗೆ ಆಸರೆಯಾಗಿ ಸ್ವರಗುಚ್ಛ ನುಡಿಸುತ್ತಾನೆ, ಇನ್ನೊಬ್ಬ ನಡುವೆ ರಾಗ ಬೆಳೆಸುತ್ತಾನೆ. ಒಬ್ಬನೇ ಉಳಿದರೆ ಎರಡನ್ನೂ ಮಾಡಬೇಕು, ಮಣಿಯವರಂತೆ ಹಾಡಲೂ ಬೇಕು. 2012ರಲ್ಲಿ ಬಂದ ಮೂರು ಸಿ.ಡಿ.ಗಳ '3 ವೀಲ್ಸ್ 9 ಲೈವ್ಸ್' ಆಲ್ಬಂ ಹೀಗೆ ಮೂವರೇ ಸೇರಿ ಮಾಡಿದ್ದು.

ಹೊಟ್ಟೆಪಾಡಿನ ಮಾತೂ ಇದೆ. ಬರೀ ಕಾರ್ಯಕ್ರಮ ನೆಚ್ಚಿಕೊಂಡ್ರ ನಡೆಯೋದಿಲ್ಲ. ಈ ತಂಡದವರು 'ಟಾಕಾಡೆಮಿ' ಎಂಬ ಸಂಗೀತ ಶಾಲೆ ಕಟ್ಟಿದರು. ಕಲಿಸುವುದರಿಂದ ಆದಾಯ ಬರುತ್ತದೆ, ಹೊಸ ಕೈಗಳೂ ತಯಾರಾಗುತ್ತವೆ.

ಈ ದಾರಿ ನಮಗೆ ಹೊಸದಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದ ಇಂದಿಗೂ ಉಳಿದದ್ದು ಶಿಷ್ಯರ ಬಾಯಿಂದ ಬಾಯಿಗೆ ದಾಟಿದ್ದರಿಂದ.

ಊರಿನ ಮಂಡಳಿ, ಆರ್ಕೆಸ್ಟ್ರಾಗಳು ಮೂರು ಕೆಲಸ ಮಾಡಬಹುದು. ಒಂದು, ಪ್ರತಿ ವಾದ್ಯಕ್ಕೆ ಇಬ್ಬರನ್ನು ತಯಾರು ಮಾಡಿ. ಎರಡು, ಯಾವ ಪದ ಯಾವ ಶ್ರುತಿ, ಯಾವ ತಾಳ ಎಂದು ವಹಿಯಲ್ಲಿ ಬರೆದಿಡಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಮೂರು, ಬಂದ ರೊಕ್ಕ ಹೆಂಗ ಹಂಚಬೇಕು, ಬಿಟ್ಟು ಹೋದವರ ಪಾಲು ಏನು, ತಂಡದ ಹೆಸರು ಯಾರದು ಎಂಬುದನ್ನು ಮೊದಲೇ ಮಾತಾಡಿ. ಜಗಳ ಬಂದ ಮೇಲೆ ಈ ಮಾತು ಬಗೆಹರಿಯೋದು ಕಷ್ಟ.