ನೋವಿನ ಎಣ್ಣೆ: ಅದರ ಗುಣ, ಅದರ ಮಿತಿ

ಧಾರವಾಡ, ವಿಜಯಪುರ, ಕಲಬುರಗಿಗಳ ಕಡೆಯಿಂದ ಮಕ್ಕಳ ಮನೆಗೆಂದು ಪುಣೆಗೆ ಬರುವ ಹಿರಿಯರ ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿಗಳ ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಒಂದು ಎಣ್ಣೆಯ ಶೀಶೆಯೂ ಇರುವುದುಂಟು. ಲಕ್ಕಿ ಸೊಪ್ಪಿನ ರಸವನ್ನು ಎಳ್ಳೆಣ್ಣೆಯಲ್ಲಿ ಕುದಿಸಿ ಇಳಿಸಿದ ಎಣ್ಣೆ ಅದು. ಊರಿನ ಹೊಲ, ಅಂಗಳಗಳಲ್ಲಿ ನಡೆದಾಡಿದ ಕಾಲುಗಳಿಗೆ ಇಲ್ಲಿ ಮೂರನೆಯ ಮಹಡಿಯ ಮೆಟ್ಟಿಲುಗಳು ಎದುರಾದಾಗ ಆ ಶೀಶೆ ಮತ್ತೆ ಮತ್ತೆ ಹೊರಬರುತ್ತದೆ. ಉಡುಪಿ, ಕುಂದಾಪುರಗಳಿಂದ ಬಂದು ಉಪಾಹಾರಗೃಹಗಳಲ್ಲಿ ದಿನವಿಡೀ ನಿಂತು ದುಡಿಯುವವರಿಗೂ ಎಣ್ಣೆ, ಮುಲಾಮುಗಳು ನಿತ್ಯದ ಸಂಗಾತಿಗಳೇ. ಈ ಲೇಪಗಳು ನಿಜವಾಗಿ ಏನು ಮಾಡುತ್ತವೆ, ಏನು ಮಾಡಲಾರವು ಎಂಬುದನ್ನು ತಿಳಿದಿರುವುದು ಪ್ರತಿ ಸಂಸಾರಕ್ಕೂ ಹಿತಕರ.

ನಾಡುನಾಡುಗಳ ಲೇಪಗಳು

ನೋವಿಗೆ ಮೂಲಿಕೆಯ ಲೇಪ ಹಚ್ಚುವ ಪದ್ಧತಿ ನಮ್ಮದೊಂದೇ ಅಲ್ಲ. ದಕ್ಷಿಣ ಚೀನದಲ್ಲಿ 'ದಿತ್ ದಾ ಜೌ' ಎಂಬ ಪ್ರಸಿದ್ಧ ಔಷಧಿಯುಂಟು. ಬಿದ್ದು ಪೆಟ್ಟಾದವರಿಗೆ ಹಚ್ಚುವ ಮದ್ಯ ಎಂಬುದೇ ಆ ಹೆಸರಿನ ಅರ್ಥ. ಮೂಲಿಕೆಗಳನ್ನು ಜಜ್ಜಿ, ಅಕ್ಕಿಯ ಮದ್ಯದಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನೆನೆಹಾಕಿ ಅದನ್ನು ಸಿದ್ಧಪಡಿಸುತ್ತಾರೆ. ಪುಣೆಯ ಹಳೆಯ ಪೇಠೆಗಳ ತಾಲೀಮುಗಳಲ್ಲಿ ಪೈಲವಾನರಿಗೆ ಎಣ್ಣೆಯ ಮಾಲೀಸು ಹೇಗೋ, ಅಲ್ಲಿನ ಮಲ್ಲವಿದ್ಯೆಯ ಗರಡಿಗಳಿಗೆ ಈ ಲೇಪ ಹಾಗೆ. ಅದರ ಅನೇಕ ಪಾಠಗಳಲ್ಲಿ ಸೇರುವ ಕೆಂಪು ಹೂವು ಉತ್ತರ ಕರ್ನಾಟಕದವರಿಗೆ ಚಿರಪರಿಚಿತವಾದ ಕುಸುಬೆಯ ಹೂವೇ! ನಾವು ಬೀಜದಿಂದ ಎಣ್ಣೆ ತೆಗೆದರೆ ಅವರು ಹೂವಿನಿಂದ ಮದ್ದು ಮಾಡುತ್ತಾರೆ. ನಮ್ಮ ಗುಗ್ಗುಳದ ಹತ್ತಿರದ ಸಂಬಂಧಿಯಾದ ಮರದ ಅಂಟೂ ಅದರಲ್ಲಿ ಸೇರುತ್ತದೆ. ಆದರೆ ಕೆಲವು ಪಾಠಗಳಲ್ಲಿ ವತ್ಸನಾಭಿಯ ಜಾತಿಯ ವಿಷಮೂಲವೂ ಇರುವುದರಿಂದ ಅದನ್ನು ಕುಡಿಯುವುದಾಗಲಿ, ಗಾಯದ ಮೇಲೆ ಹಚ್ಚುವುದಾಗಲಿ ಪ್ರಾಣಾಪಾಯಕರ.

ಮನೆಮನೆಯ ಮುಲಾಮುಗಳ ಚರಿತ್ರೆಯೂ ವಲಸೆಯ ಚರಿತ್ರೆಯೇ. ರಂಗೂನಿನಲ್ಲಿ ನೆಲೆಸಿದ ಚೀನೀ ಗಿಡಮೂಲಿಕೆ ವೈದ್ಯರೊಬ್ಬರ ಮಕ್ಕಳು 'ಟೈಗರ್ ಬಾಮ್' ಅನ್ನು ಸಿಂಗಪುರದ ಮೂಲಕ ಲೋಕಕ್ಕೆಲ್ಲ ಹರಡಿದರು. ಆಂಧ್ರದಿಂದ ಮುಂಬಯಿಗೆ ಬಂದ ಕಾಶೀನಾಥುನಿ ನಾಗೇಶ್ವರರಾವ್ ಅವರು 1893ರಲ್ಲಿ ಅಲ್ಲಿಯೇ 'ಅಮೃತಾಂಜನ'ವನ್ನು ಆರಂಭಿಸಿದರು. ಊರು ಬಿಟ್ಟು ಬಂದವರ ನೋವನ್ನು ಊರು ಬಿಟ್ಟು ಬಂದವರೇ ಅರಿತರೆಂದರೆ ತಪ್ಪಾಗಲಾರದು.

ಲೇಪದ ಕಾರ್ಯ

ಪುದೀನ ಜಾತಿಯ ಗಿಡದಿಂದ ಬರುವ ಮೆಂಥಾಲ್ ಚರ್ಮವನ್ನು ನಿಜವಾಗಿ ತಂಪುಗೊಳಿಸುವುದಿಲ್ಲ. ತಂಪನ್ನು ಗುರುತಿಸುವ ನರಗಳ ತುದಿಯನ್ನು ಎಚ್ಚರಿಸುತ್ತದೆ. ಮೆಣಸಿನಕಾಯಿಯ ಖಾರದ ಅಂಶ ಬಿಸಿಯನ್ನು ಗುರುತಿಸುವ ತುದಿಗಳನ್ನು ಹೀಗೆಯೇ ಎಚ್ಚರಿಸುತ್ತದೆ. ಈ ರಹಸ್ಯವನ್ನು ಬಿಡಿಸಿದ ವಿಜ್ಞಾನಿಗಳಲ್ಲಿ ಪ್ರಮುಖರಾದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೌಟಿಯನ್ ಅವರಿಗೆ 2021ರ ನೊಬೆಲ್ ಪಾರಿತೋಷಕ ದೊರೆಯಿತು. ತಿಕ್ಕಿದ ಸ್ಪರ್ಶ, ತಂಪು, ಬಿಸಿಗಳ ಸಂದೇಶಗಳು ಮಿದುಳಿನತ್ತ ಹೊರಟಾಗ ನೋವಿನ ಸಂದೇಶ ಮಂಕಾಗುತ್ತದೆ. ಬಲ್ಲ ಕೈಗಳ ಮೃದುವಾದ ಮಾಲೀಸಿನಿಂದ ಬಿಗಿದ ಸ್ನಾಯುಗಳೂ ಸಡಿಲಗೊಳ್ಳುತ್ತವೆ.

ನೀಲಗಿರಿಯ ಬೆಟ್ಟಗಳಲ್ಲಿ ಬೆಳೆಯುವ ಗಂಧಪುರ ಗಿಡದ ಎಣ್ಣೆಯಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಆಸ್ಪಿರಿನ್ ಮಾತ್ರೆಯ ಬಳಗಕ್ಕೆ ಸೇರಿದ್ದು. ಆದುದರಿಂದಲೇ ಅದು ಅಪಾಯಕಾರಿಯೂ ಹೌದು. ಶುದ್ಧ ಗಂಧಪುರ ತೈಲದ ಒಂದು ಚಹಾಚಮಚೆ, ಎಂದರೆ 5 ಮಿಲಿಲೀಟರ್, ಸುಮಾರು 7 ಗ್ರಾಂ ಆಸ್ಪಿರಿನ್‌ಗೆ ಸಮ. ಎಳೆಯ ಮಗುವಿನ ಪ್ರಾಣ ತೆಗೆಯಲು ಅಷ್ಟು ಸಾಕು. ಕರ್ಪೂರವೂ ಮಗುವಿನ ಹೊಟ್ಟೆಗೆ ಹೋದರೆ ಅಪಸ್ಮಾರದಂಥ ಸೆಳೆತ ತರಬಲ್ಲದು. ಎಣ್ಣೆಯ ಶೀಶೆ ಮಕ್ಕಳ ಕೈಗೆಟುಕದ ಕಡೆ ಇರಬೇಕು. ಕೂಸಿನ ಮೂಗಿಗೆ ಕರ್ಪೂರದ ಮುಲಾಮು ಹಚ್ಚಲೇಬಾರದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ಸೇವಿಸುವವರು ಇಂಥ ಮುಲಾಮುಗಳನ್ನು ವೈದ್ಯರನ್ನು ಕೇಳದೆ ಬಳಸಬಾರದು.

ಎಲ್ಲಿ ಕೈ ತಡೆಯಬೇಕು?

ಪುಣೆ ದ್ವಿಚಕ್ರ ವಾಹನಗಳ ನಗರ. ಬಿದ್ದು ಕಾಲುಳುಕಿದಾಗ ಮೊದಲ ಒಂದೆರಡು ದಿನ ಎಣ್ಣೆ ತಿಕ್ಕುವುದೂ ಶಾಖ ಕೊಡುವುದೂ ಬೇಡ. ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಕಾಲನ್ನು ಎತ್ತರಿಸಿಡುವುದು ಮೇಲು. ಅಂಗ ಸೊಟ್ಟಗಾಗಿದ್ದರೆ, ಕಾಲೂರಲು ಆಗದಿದ್ದರೆ, ಬೆರಳು ಜೋಮು ಹಿಡಿದರೆ ಕ್ಷ-ಕಿರಣ ಪರೀಕ್ಷೆಯೇ ದಾರಿ. ಊರಿನ ನಂಬಿಕೆಯಿಂದ ಕಟ್ಟಿದ ಬಿಗಿಯಾದ ಕಟ್ಟು ರಕ್ತಸಂಚಾರವನ್ನೇ ನಿಲ್ಲಿಸಿ, ಉಳಿಯಬಹುದಾಗಿದ್ದ ಅಂಗ ಹೋಗುವಂತೆ ಮಾಡಬಲ್ಲದು. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಮುಲಾಮು ಹಚ್ಚಿದ ಮೇಲೆ ಬಿಸಿನೀರಿನ ಚೀಲವಿಟ್ಟರೆ ಚರ್ಮ ಸುಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಎದೆ, ಎಡಭುಜ, ದವಡೆಗಳ ನೋವನ್ನು 'ವಾಯು' ಎಂದು ಬಗೆದು ಎಣ್ಣೆ ತಿಕ್ಕುತ್ತ ಕುಳಿತ ಒಂದು ಗಂಟೆ ಹೃದಯಾಘಾತದಲ್ಲಿ ಜೀವದ ಬೆಲೆಯದು. ಬೆವರು, ಉಬ್ಬಸಗಳೂ ಇದ್ದರೆ ಆಸ್ಪತ್ರೆಗೆ ತಕ್ಷಣ ಧಾವಿಸಬೇಕು.

ಶೀಶೆಯ ಆಚೆಗೆ

ಮಂಡಿಸವೆತಕ್ಕೆ ಲೇಪ ಸಮಾಧಾನ ಕೊಟ್ಟೀತು, ಸವೆದ ಮೃದ್ವಸ್ಥಿಯನ್ನು ಮರಳಿ ಕೊಡದು. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮತ್ತು ತೂಕದ ಹತೋಟಿಗಳೇ ಮುಖ್ಯ ಚಿಕಿತ್ಸೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ 1937ರಲ್ಲಿ ಪುಣೆಗೆ ಬಂದ ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರ್ ಅವರಿಗೆ 1979ರಲ್ಲಿ ಸ್ಕೂಟರ್ ಅಪಘಾತಗಳಿಂದ ಬೆನ್ನು, ಭುಜಗಳಿಗೆ ಪೆಟ್ಟಾದಾಗ, ಅರುವತ್ತರ ವಯಸ್ಸಿನಲ್ಲಿ ಅವರು ಸರಳ ಆಸನಗಳಿಂದ ಮತ್ತೆ ಆರಂಭಿಸಿ, ವರ್ಷಗಳ ಅಭ್ಯಾಸದಿಂದ ಚೇತರಿಸಿಕೊಂಡರು. ಈ ನಗರದಲ್ಲಿ ನಮ್ಮ ಕಣ್ಣಮುಂದಿರುವ ಆದರ್ಶವದು.

ಊರಿನ 'ಲಕ್ಕಿ'ಯನ್ನು ಇಲ್ಲಿಯ ಕಾಷ್ಠೌಷಧಿ ಅಂಗಡಿಯಲ್ಲಿ 'ನಿರ್ಗುಡಿ' ಎಂದು ಕೇಳಿದರೆ ದೊರೆಯುತ್ತದೆ, ಗಿಡ ಒಂದೇ. ತಾಯಿಯ ಮಂಡಿಗೆ ಸಂಜೆ ಮಗನೋ ಸೊಸೆಯೋ ಕುಳಿತು ಹತ್ತು ನಿಮಿಷ ಎಣ್ಣೆ ನೀವಿದರೆ ಆಕೆಗೆ ಸಿಗುವ ನೆಮ್ಮದಿಯಲ್ಲಿ ಎಣ್ಣೆಯ ಪಾಲೆಷ್ಟು, ಕೈಯ ಪಾಲೆಷ್ಟು ಎಂದು ಅಳೆಯಬೇಕಾಗಿಲ್ಲ. ಆದರೆ ಆ ಕೈ ಎಣ್ಣೆ ಹಚ್ಚುವುದರ ಜೊತೆಗೆ, ಸಮಯಕ್ಕೆ ಸರಿಯಾಗಿ ವೈದ್ಯರ ಬಳಿಗೂ ಕರೆದೊಯ್ಯುವಂಥದಾಗಿರಲಿ.