ಹೇಳಲು ನಾಚುವ ಲೆಕ್ಕ

ಬೇಲೂರು ತಾಲ್ಲೂಕಿನ ಮಾದಿಹಳ್ಳಿ ಹೋಬಳಿಯಂಥ ಕಡೆ, ಕೂಸನ್ನು ನೋಡಿಕೊಳ್ಳುವುದಕ್ಕೆ ತಿಂಗಳ ಹಣ ಕೊಡುವುದೆಂದರೆ ಇಂದಿಗೂ ಹಳಬರ ಹುಬ್ಬೇರೀತು. ಅಜ್ಜಿ ಇದ್ದಾಳೆ, ಅತ್ತಿಗೆ ಇದ್ದಾಳೆ, ಪಕ್ಕದ ಮನೆಯ ಜಗಲಿ ಇದೆ; ಅಳುವ ಮಗುವನ್ನು ಎತ್ತಿಕೊಂಡವರು ಸಂಜೆಗೆ ಲೆಕ್ಕ ಬರೆದಿಡುವುದಿಲ್ಲ. ಆದರೆ ಅಲ್ಲಿಂದಲೇ ಓದಿ ಹಾಸನಕ್ಕೋ ಬೆಂಗಳೂರಿಗೋ ನೌಕರಿಗೆ ಹೊರಟ ಗಂಡಹೆಂಡಿರ ಬೆನ್ನಿಗೆ ಆ ಜಗಲಿ ಬರುವುದಿಲ್ಲವಷ್ಟೆ. ಊರಿನಿಂದ ಬಂದ ಅಜ್ಜಿ ನಾಲ್ಕು ತಿಂಗಳು ನಿಂತಾಳು. ಮುಂಗಾರು ಹಿಡಿದು ಆಲೂಗಡ್ಡೆಯ ಬಿತ್ತನೆ ಎಂದೊಡನೆ ಅವಳ ಜೀವ ಹೊಲದ ಕಡೆಗೆ ಎಳೆಯುತ್ತದೆ. ಆಮೇಲೆ ಉಳಿಯುವ ಆಸರೆ, ನಾಲ್ಕಾರು ಮಕ್ಕಳನ್ನು ತನ್ನ ಮನೆಯಲ್ಲಿಯೇ ಇರಿಸಿಕೊಂಡು ನೋಡುವ ಬಡಾವಣೆಯ ಗೃಹಿಣಿ.

ಇಂಥ ಮನೆಯನ್ನು ಡೇಕೇರ್ ಎನ್ನುವುದು ಈಗಿನ ರೂಢಿ. ಮಕ್ಕಳ ಬಾಯಲ್ಲಿ ಅದು ‘ಆಂಟಿ ಮನೆ’. ತೊಡಕು ಅಡಗಿರುವುದು ಆ ಮುದ್ದು ಹೆಸರಿನಲ್ಲಿಯೇ. ಆಂಟಿ ಎಂದ ಮೇಲೆ ಬಂಧು. ಬಂಧುವಾದವಳು ಹಣ ಹೆಚ್ಚು ಕೊಡಿರೆಂದು ಹೇಗೆ ಕೇಳಿಯಾಳು? ಹಾಲಿನ ದರ ಏರಿದಾಗ ಹಾಲಿನವನು ಹೇಳುತ್ತಾನೆ, ಬಾಡಿಗೆ ಏರಿದಾಗ ಮನೆಯೊಡೆಯ ಹೇಳುತ್ತಾನೆ. ಇಬ್ಬರಿಗೂ ನಾಲಗೆ ತೊದಲುವುದಿಲ್ಲ. ಕೂಸು ನೋಡುವವಳು ಮಾತ್ರ ಒಂದು ವರ್ಷ ಸುಮ್ಮನಿರುತ್ತಾಳೆ, ಎರಡನೆಯ ವರ್ಷವೂ ಹಲ್ಲು ಕಚ್ಚಿಕೊಂಡಿರುತ್ತಾಳೆ, ಮೂರನೆಯ ವರ್ಷದ ಒಂದು ಸಂಜೆ ‘ಮುಂದಿನ ತಿಂಗಳಿನಿಂದ ಆಗುವುದಿಲ್ಲ’ ಎಂದು ಬಾಗಿಲು ಹಾಕಿಬಿಡುತ್ತಾಳೆ. ಆ ನಾಚಿಕೆಯ ದಂಡವನ್ನು ತೆರುವುದು, ಆ ಮನೆಗೂ ಆ ಮಡಿಲಿಗೂ ಒಗ್ಗಿಕೊಂಡಿದ್ದ ಮಗು.

ಲೆಕ್ಕವನ್ನೊಮ್ಮೆ ಕಾಗದದ ಮೇಲೆ ಇಳಿಸಿ ನೋಡಬಹುದು. ಉದಾಹರಣೆಗೆಂದು ಹಾಕಿದ ಲೆಕ್ಕವಿದು. ಊರಿನಿಂದ ಊರಿಗೆ ಅಂಕಿಗಳು ಬೇರೆಯಾದಾವು. ಆರು ಮಕ್ಕಳು, ತಲೆಗೆ 4,000 ರೂಪಾಯಿ, ಒಟ್ಟು 24,000. ಸಹಾಯಕ್ಕೆ ಬರುವ ಹೆಂಗಸಿನ ಸಂಬಳ 9,000. ಹಾಲು, ಹಣ್ಣು, ಅಡಿಗೆಯ ಗ್ಯಾಸಿಗೆ 4,200. ನೀರು, ವಿದ್ಯುತ್ತು, ಸಾಬೂನು, ಹರಿದ ಚಾಪೆ, ಮುರಿದ ಆಟಿಕೆ ಎಲ್ಲ ಸೇರಿ 1,800. ಉಳಿದದ್ದು 9,000. ಬೆಳಗಿನ ಎಂಟರಿಂದ ಸಂಜೆಯ ಆರರವರೆಗೆ, ತಿಂಗಳಿಗೆ 25 ದಿನ. ಎಂದರೆ 250 ಗಂಟೆಗಳ ದುಡಿಮೆ. ಗಂಟೆಗೆ 36 ರೂಪಾಯಿ ಬಿತ್ತು. ಇನ್ನು ಸಹಾಯಕಿಯ ಸಂಬಳ 1,500, ಹಾಲು ಹಣ್ಣಿನ ವೆಚ್ಚ 600 ಏರಿತೆನ್ನಿ. ಶುಲ್ಕ ಹಾಗೆಯೇ ಉಳಿದರೆ ಗೃಹಿಣಿಯ ಪಾಲು 6,900ಕ್ಕೆ, ಗಂಟೆಗೆ 28 ರೂಪಾಯಿಗೂ ಕೆಳಕ್ಕೆ, ಇಳಿಯುತ್ತದೆ. ಅದೇ 2,100 ರೂಪಾಯಿಯನ್ನು ಆರು ಮನೆಗಳಿಗೆ ಹಂಚಿದರೆ ಮಗುವೊಂದಕ್ಕೆ 350.

ಇನ್ನು ನಾಲ್ಕು ಮಕ್ಕಳನ್ನು ಸೇರಿಸಿಕೊಂಡರಾಯಿತಲ್ಲ ಎನ್ನುವವರುಂಟು. ಮಗ್ಗಕ್ಕೆ ಯಂತ್ರ ಜೋಡಿಸಿ ಹೆಚ್ಚು ಬಟ್ಟೆ ನೇಯಬಹುದು, ಮಡಿಲನ್ನು ಹಿಗ್ಗಿಸಲಾಗದು. ಉದ್ಯೋಗಸ್ಥಳಗಳ ಶಿಶುಪಾಲನಾ ಕೇಂದ್ರಗಳಿಗಾಗಿ ಕೇಂದ್ರ ಸರಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯೇ ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬ ತರಬೇತಾದ ಪಾಲಕಿ ಇರಬೇಕೆಂದು ಹೇಳಿತು. ಅದೂ ಕನಿಷ್ಠದ ಮಾತು. ತೆವಳುವ ಕೂಸು ಎರಡಿದ್ದರೆ ಹತ್ತರ ಲೆಕ್ಕ ಎಷ್ಟು ದೂರ ನಡೆದೀತೆಂಬುದು ಹೆತ್ತವರಿಗೆ ಗೊತ್ತು.

ಕಾನೂನಿನ ನೆರವು ಈ ಮನೆಗಳಿಗೆ ಹೆಚ್ಚೇನೂ ಇಲ್ಲ. 1951ರ ತೋಟಕಾರ್ಮಿಕರ ಕಾಯಿದೆ 50 ಮಂದಿ ಹೆಂಗಸರು ದುಡಿಯುವ ತೋಟಗಳಲ್ಲಿ ಶಿಶುಗಳ ಕೋಣೆ ಇರತಕ್ಕದ್ದೆಂದಿತು. ಬೇಲೂರು ಸೀಮೆಯ ಕಾಫಿ ತೋಟಗಳ ಬಲ್ಲವರಿಗೆ ಇದು ಹಳೆಯ ಸಂಗತಿ. 2017ರಲ್ಲಿ ಹೆರಿಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿ, 50 ಮಂದಿ ನೌಕರರಿರುವ ಸಂಸ್ಥೆಗಳಿಗೂ ಶಿಶುಪಾಲನೆಯ ಹೊಣೆ ಬಂದಿತು. 2023ರಲ್ಲಿ ಕರ್ನಾಟಕ ಸರಕಾರ 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಪ್ರಕಟಿಸಿತು. ಇವುಗಳಲ್ಲಿ ಯಾವುದೂ ಬಡಾವಣೆಯ ಆಂಟಿ ಮನೆಯ ಶುಲ್ಕವನ್ನು ಗೊತ್ತುಮಾಡುವುದಿಲ್ಲ. ಅದು ಎರಡು ಸಂಸಾರಗಳ ನಡುವಿನ ಮಾತು.

ಮಾತಿಗೆ ಹೊತ್ತು ಮುಖ್ಯ. ಸಂಜೆ ತಾಯಿ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ನಿದ್ದೆಗಣ್ಣಿನ ಮಗುವನ್ನು ಹಿಡಿದು ಮೆಟ್ಟಿಲಿಳಿಯುವಾಗ ‘ಅಂದ ಹಾಗೆ’ ಎಂದು ಆರಂಭಿಸುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ವಾಟ್ಸಾಪ್ ಗುಂಪಿನಲ್ಲಿ ಹಾಕಿಬಿಡುವುದು ಅದಕ್ಕಿಂತ ಸ್ವಲ್ಪವೇ ಮೇಲು. ಅಲ್ಲಿ ಒಬ್ಬರು ಗೊಣಗಿದರೆ ಐವರು ಗೊಣಗುತ್ತಾರೆ. ಎರಡು ತಿಂಗಳು ಮುಂಚಿತವಾಗಿ, ಆರೂ ಮನೆಗಳಿಗೆ ಒಂದೇ ದಿನ, ಒಂದೇ ಒಕ್ಕಣೆಯ ಕಾಗದ ಕೊಡುವುದು ಲೇಸು. ಹಳಬರಿಗೊಂದು ದರ, ಹೊಸಬರಿಗೊಂದು ದರ ಎಂದಿದ್ದರೆ ಅದನ್ನೂ ಬರೆಯತಕ್ಕದ್ದು. ತಾಯಂದಿರು ಗೇಟಿನ ಬಳಿ ಪರಸ್ಪರ ಮಾತಾಡದೆ ಇರುವುದಿಲ್ಲ. ಒಕ್ಕಣೆ ಇಷ್ಟಿದ್ದರೆ ಸಾಕು: “ಬರುವ ಜೂನ್ 1ರಿಂದ ತಿಂಗಳ ಶುಲ್ಕ 4,000ದ ಬದಲು 4,350 ರೂಪಾಯಿ. ಸಹಾಯಕಿಯ ಸಂಬಳವೂ ಹಾಲು ಹಣ್ಣಿನ ಬೆಲೆಯೂ ಏರಿವೆ. ಮುಂದಿನ ವರ್ಷದ ಜೂನ್‌ವರೆಗೆ ಮತ್ತೆ ಏರಿಸುವುದಿಲ್ಲ. ಮಾತನಾಡಬೇಕೆನಿಸಿದರೆ ಶನಿವಾರ ಮಧ್ಯಾಹ್ನ ದಯಮಾಡಿಸಬೇಕು.” ಕ್ಷಮೆ ಕೇಳುವ ಅಗತ್ಯವಿಲ್ಲ, ಕ್ಷಮೆ ಕೇಳಿದೊಡನೆ ಚೌಕಾಸಿ ಮೊದಲಾಗುತ್ತದೆ.

ಹಣಕ್ಕಿಂತ ನಾಜೂಕಾದದ್ದು ನಿಯಮದ ಬದಲಾವಣೆ. ಜ್ವರ ಬಂದ ಮಗುವನ್ನು ಕರೆತರಬಾರದೆಂದರೆ, ರಜೆ ಸಿಗದ ತಾಯಿಗೆ ಅದು ಬಾಗಿಲು ಮುಚ್ಚಿದಂತೆಯೇ ಕೇಳಿಸುತ್ತದೆ. ಉಳಿದ ಐದು ಮಕ್ಕಳ ಮಾತನ್ನೂ ಅದೇ ವಾಕ್ಯದಲ್ಲಿ ಸೇರಿಸಿದರೆ ಅರ್ಥವಾಗುತ್ತದೆ. ತಡವಾಗಿ ಬರುವವರ ವಿಷಯದಲ್ಲಿ ಮಾತ್ರ ಬಹಳ ಜನ ಕೂಡಲೆ ದಂಡವನ್ನು ನೆನೆಯುತ್ತಾರೆ. ಇಸ್ರೇಲಿನ ಹೈಫಾ ನಗರದ ಹತ್ತು ಶಿಶುಪಾಲನಾ ಕೇಂದ್ರಗಳನ್ನು ಊರಿ ಗ್ನೀಜಿ, ಆಲ್ಡೊ ರುಸ್ತಿಕೀನಿ ಎಂಬ ಅರ್ಥಶಾಸ್ತ್ರಜ್ಞರು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ಸಂಗತಿ ಇಲ್ಲಿ ನೆನೆಯತಕ್ಕದ್ದು. ಆರು ಕೇಂದ್ರಗಳಲ್ಲಿ, ಹತ್ತು ನಿಮಿಷಕ್ಕಿಂತ ಹೆಚ್ಚು ತಡಮಾಡಿದವರಿಗೆ ಸಣ್ಣ ದಂಡ ಹಾಕಲಾಯಿತು. ತಡ ತಗ್ಗಲಿಲ್ಲ, ತಡವಾಗಿ ಬರುವವರು ಸುಮಾರು ಇಮ್ಮಡಿಯಾದರು! ಅಲ್ಲಿಯವರೆಗೆ ಕಾದಿರುವವಳ ದಾಕ್ಷಿಣ್ಯಕ್ಕೆ ಓಡಿಬರುತ್ತಿದ್ದವರು, ಹಣ ಕೊಟ್ಟ ಮೇಲೆ ದಾಕ್ಷಿಣ್ಯವೇಕೆಂದು ಎಣಿಸಿದಂತೆ ತೋರುತ್ತದೆ. ದಂಡವನ್ನು ತೆಗೆದ ಮೇಲೂ ಆ ಅಭ್ಯಾಸ ಬಿಡಲಿಲ್ಲ.

ಬೆಂಗಳೂರಿನ ವಾಹನಸಂದಣಿಯಲ್ಲಿ ಸಿಕ್ಕಿಕೊಂಡ ತಂದೆಯನ್ನು ಅಪರಾಧಿಯೆಂದು ಬಗೆಯುವುದೂ ಸರಿಯಲ್ಲ. ಆರೂವರೆಯವರೆಗೆ ಯಾರಿಗೆ ಬೇಕೋ ಅವರಿಗೆ ಆರಂಭದಲ್ಲಿಯೇ ಆ ಅರ್ಧ ಗಂಟೆಯ ಶುಲ್ಕ ಸೇರಿಸಿ ಗೊತ್ತುಮಾಡಿ, ಆರೂವರೆಯ ಮೇಲೆ ಯಾರಿಗೂ ಇಲ್ಲವೆಂದು ಹೇಳುವುದು ದಂಡಕ್ಕಿಂತ ಉತ್ತಮ. ಗೃಹಿಣಿಗೂ ಮನೆ ಇದೆ, ಒಲೆ ಇದೆ, ಶಾಲೆಯಿಂದ ಬಂದ ಸ್ವಂತ ಮಕ್ಕಳ ಪಾಠವಿದೆ.

ಏರಿದ ಶುಲ್ಕವನ್ನು ಕೊಡಲಾಗದ ಸಂಸಾರವೂ ಇರುತ್ತದೆ. ಅವರು ಶನಿವಾರ ಬಂದು ಅರ್ಧ ದಿನದ ಏರ್ಪಾಡು ಸಾಧ್ಯವೇ ಎಂದು ಕೇಳಬಹುದು. ಅದಾಗದಿದ್ದರೆ ಬೇರೆ ಮನೆ ಹುಡುಕಬೇಕಾದೀತು. ಎರಡು ತಿಂಗಳ ಮುನ್ಸೂಚನೆ ಬೇಕಾಗುವುದು ಮುಖ್ಯವಾಗಿ ಅವರಿಗೆ. ಹೊಸ ಮನೆಯನ್ನು ನೋಡಿ, ಮೊದಲ ನಾಲ್ಕು ದಿನ ತಾಯಿಯೂ ಅಲ್ಲಿ ಒಂದು ಗಂಟೆ ಕುಳಿತು, ಐದನೆಯ ದಿನ ಮಗು ಆಟಿಕೆಯ ಕಡೆ ತಿರುಗಿದಾಗ ಹೇಳಿ ಎದ್ದುಬರಲು ಅಷ್ಟು ಕಾಲ ಬೇಕು.